ಮಾಳಿಗೆ ಮೇಲೆ ಮಲಗುವ ಊರಿನಲ್ಲಿ

ಕೇಳುಗರಿಗೆ ನಮಸ್ಕಾರ.

ರಾಯಚೂರಿನ ಬೇಸಿಗೆ ಎಂಥದ್ದು ಅಂತ ನಿಮಗೆ ನಾನು ಹೇಳಬೇಕಿಲ್ಲ. ಏಪ್ರಿಲ್ ಬಂತೆಂದರೆ ಚಾಪೆ, ದಿಂಬು, ನೀರಿನ ತಂಬಿಗೆ ಹಿಡಿದು ಮನೆಮಂದಿಯೆಲ್ಲ ಮಾಳಿಗೆ ಹತ್ತುತ್ತೇವೆ. ಕೆಳಗೆ ಬಾಗಿಲಿಗೊಂದು ಬೀಗ, ಅದರ ಕೀಲಿ ಮೀಟರ್ ಡಬ್ಬಿಯ ಹಿಂದೆ. ಈ ಜಾಗ ಇಡೀ ಊರಿಗೇ ಗೊತ್ತು, ಕಳ್ಳನಿಗೂ.

ನಮ್ಮ ಓಣಿಯಲ್ಲಿ ಹೀಗೇ ಒಂದು ಮನೆ ಕಳುವಾಯಿತು. ಬೆಳಗ್ಗೆ ಇಳಿದು ನೋಡಿದರೆ ನೆಲದ ತುಂಬ ಜೋಳ. ಜೋಳದ ಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದ ಬೋರಮಾಳ, ಅಂದರೆ ಬಂಗಾರದ ಗುಂಡಿನ ಸರ, ಇಲ್ಲ. ರಾತ್ರಿ ಎರಡರ ಸುಮಾರಿಗೆ ನಾಯಿ ಬೊಗಳಿದ್ದನ್ನು ಮೂರು ಮನೆಯವರು ಕೇಳಿದ್ದರು. ಯಾರೂ ಎದ್ದಿರಲಿಲ್ಲ, ನಾನೂ ಸೇರಿ.

ನಮ್ಮ ಓಣಿಗೊಬ್ಬ ಬೀಟ್ ಪೊಲೀಸ್ ಇದ್ದಾರೆ ಅನ್ನೋದು ನಮಗೆ ತಿಳಿದದ್ದೇ ಆವತ್ತು. 2017ರಲ್ಲೇ ರಾಜ್ಯದಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಬಂದಿತ್ತು. ಠಾಣೆಯ ವ್ಯಾಪ್ತಿಯನ್ನು ಬೀಟ್‌ಗಳಾಗಿ ಹಂಚಿ, ಒಂದೊಂದಕ್ಕೆ ಒಬ್ಬರನ್ನು ಹೊಣೆ ಮಾಡಿ, ಆ ಓಣಿಯ ನಾಗರಿಕರನ್ನೂ ಜೊತೆಗೆ ಸೇರಿಸಿಕೊಳ್ಳುವ ಏರ್ಪಾಡು ಅದು. 2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಅಂತಲೂ ಶುರುವಾಯಿತು. ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು. ನಾವು ಮಾತ್ರ ಖಾಕಿ ಕಂಡರೆ ಬಾಗಿಲು ಅರ್ಧ ಮುಚ್ಚುವ ಮಂದಿ.

ಆವತ್ತು ಬಂದ ಬೀಟ್ ಪೊಲೀಸ್ ಕಳ್ಳನ ಸುದ್ದಿಯನ್ನೇ ಎತ್ತಲಿಲ್ಲ. ಕಂಬದ ಕಡೆ ನೋಡಿ, "ಈ ದೀಪ ಕೆಟ್ಟು ಎಷ್ಟು ದಿನ ಆತ್ರೀ?" ಅಂದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಕೇಳಿದ್ದು, ಊರಿಗೆ ಹೋದವರ ಮನೆ ಯಾವುದು, ಗುಳೆ ಹೋದವರ ಮನೆ ಯಾವುದು ಅಂತ. ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ಪ್ರಶ್ನೆ. ಗಂಡ ಹೆಂಡತಿ ದುಡಿಯಲು ಬೆಂಗಳೂರಿಗೆ ಹೋದರೆ ತಿಂಗಳುಗಟ್ಟಲೆ ಬೀಗ, ಇಲ್ಲವೇ ಒಳಗೊಬ್ಬ ಕಣ್ಣು ಮಂಜಾದ ಮುದುಕಿ. ಅಂಥ ಮನೆಗಳ ಗುರುತು ಗಸ್ತಿನವರಿಗೆ ಕೊಟ್ಟಿಡುವುದು ಚಾಡಿಯಲ್ಲ.

ಇನ್ನೊಂದು ಮಾತಿದೆ, ಇದು ನನಗೆ ಹೆಚ್ಚು ಮುಖ್ಯ. ಕಾವಲು ಕಾಯುವ ಹುರುಪಿನಲ್ಲಿ ಬಳೆಗಾರ, ಕೌದಿ ಹೊಲಿಯುವವಳು, ಹೊರರಾಜ್ಯದ ಕೂಲಿ, ಎಲ್ಲರೂ ನಮ್ಮ ಕಣ್ಣಿಗೆ ಕಳ್ಳರಾಗಿಬಿಡುತ್ತಾರೆ. 2018ರ ಜುಲೈನಲ್ಲಿ ನಮ್ಮ ಈ ಭಾಗದ್ದೇ ಆದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆದದ್ದು ನೆನಪಿದೆಯಲ್ಲ? ಹೈದರಾಬಾದಿನಿಂದ ಬಂದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿತು. ಗುಂಪು ಹೊಡೆದ ಏಟಿಗೆ ಒಬ್ಬ ಎಂಜಿನಿಯರ್ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಅನುಮಾನ ಬಂದರೆ 112ಕ್ಕೆ ಕರೆ ಮಾಡಿ. ಕೈ ಎತ್ತುವುದು, ವಿಡಿಯೊ ಹರಿಬಿಡುವುದು ಬೇಡ.

ನಮ್ಮ ಓಣಿಯ ದೀಪ ಈಗ ಉರಿಯುತ್ತಿದೆ. ಮೊನ್ನೆ ನಡುರಾತ್ರಿ ನಾಯಿ ಬೊಗಳಿತು. ನಾಲ್ಕು ಮಾಳಿಗೆಗಳಿಂದ ಒಟ್ಟಿಗೇ ಬ್ಯಾಟರಿ ಬೆಳಕು ಕೆಳಗೆ ಬಿತ್ತು. ಬೈಕಿನ ಮೇಲಿದ್ದವರು ಕಣ್ಣಿಗೆ ಕೈ ಅಡ್ಡ ಹಿಡಿದು ಕೂಗಿದರು: "ನಾನೇ ರೀ, ಬೀಟಿನವ! ಬೆಳಕು ತೆಗೀರಿ!"