ಲಂಡನ್ನಿನ ಕಿಟಕಿಯಲ್ಲಿ ಶ್ರೀರಂಗಪಟ್ಟಣ

ಸಭಿಕರೇ,

1791ರ ಡಿಸೆಂಬರ್ 6ರಂದು ಲಂಡನ್ನಿನಲ್ಲಿ ಹನ್ನಾ ಹಂಫ್ರಿ ಎಂಬಾಕೆಯ ಚಿತ್ರದಂಗಡಿಯಿಂದ ಜೇಮ್ಸ್ ಗಿಲ್ರೆಯ ಒಂದು ವ್ಯಂಗ್ಯಚಿತ್ರ ಹೊರಬಂತು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅದರಲ್ಲಿ ಕತ್ತೆಯೇರಿ ಓಡುತ್ತಿದ್ದಾನೆ; ಕೋಟೆಯ ಮೇಲೆ ನಿಂತ ಟಿಪ್ಪು ಸುಲ್ತಾನ ಅವನತ್ತ ಮೂತ್ರ ಹೊಯ್ಯುತ್ತಿದ್ದಾನೆ. ಶೀರ್ಷಿಕೆ ಇದನ್ನೇ ಮುಂಗಾರಿನ ಆಗಮನ ಎನ್ನುತ್ತದೆ. ಪ್ರಕಟವಾದ ದಿನ ಇಷ್ಟು ಖಚಿತವಾಗಿ ಗೊತ್ತಿರುವುದು 1735ರ ಕಾನೂನಿನಿಂದ: ಚಿತ್ರಗಳ ನಕಲನ್ನು ತಡೆಯಲು ಚಿತ್ರಕಾರ ಹೊಗಾರ್ತ್ ಮೊದಲಾದವರು ಪಟ್ಟುಹಿಡಿದು ತರಿಸಿದ ಆ ಕಾನೂನಿನ ಪ್ರಕಾರ, ಹಕ್ಕುದಾರರ ಹೆಸರೂ ಪ್ರಕಟಣೆಯ ದಿನವೂ ಅಚ್ಚಿನ ಫಲಕದ ಮೇಲೆಯೇ ಇರಬೇಕಿತ್ತು.

ನಡೆದದ್ದು ಇಷ್ಟು. ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣವನ್ನು ಹಿಡಿಯಲು ಹೊರಟು, ಅದೇ ವರ್ಷದ ಮೇ 15ರಂದು ಹತ್ತಿರದ ಅರಕೆರೆಯಲ್ಲಿ ಕಾರ್ನ್‌ವಾಲಿಸ್ ಗೆದ್ದನಾದರೂ, ಮಳೆ ಹಿಡಿದು, ಎತ್ತುಗಳು ಸತ್ತು, ದವಸ ಮುಗಿದು, ಕೋಟೆ ಒಡೆಯಲು ತಂದಿದ್ದ ಭಾರೀ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿಬಂದ ಸುದ್ದಿಯನ್ನು ಗಿಲ್ರೆ ತಾಮ್ರದ ಫಲಕಕ್ಕಿಳಿಸಿದ. ಮೇಣ ಬಳಿದ ತಾಮ್ರದ ಮೇಲೆ ಸೂಜಿಯಿಂದ ಗೀರಿ, ಆ ಗೀರುಗಳನ್ನು ಆಮ್ಲದಿಂದ ಕೊರೆಸುವ ಎಚಿಂಗ್ ವಿಧಾನ ಕಾಗದದ ಮೇಲೆ ಗೆರೆ ಎಳೆದಷ್ಟೇ ಸಲೀಸಾದುದರಿಂದ, ವ್ಯಂಗ್ಯಚಿತ್ರ ಸುದ್ದಿಯ ಬೆನ್ನಿಗೇ ಬರಬಹುದಾಗಿತ್ತು. ಕೊಳ್ಳಲಾಗದವರು ಅಂಗಡಿಯ ಕಿಟಕಿಯ ಮುಂದೆ ನಿಂತು ನೋಡುತ್ತಿದ್ದರು.

ಈ ಚಿತ್ರವನ್ನು ಟಿಪ್ಪುವಿನ ಪ್ರಶಂಸೆಯೆಂದು ಓದುವುದು ತಪ್ಪೆಂದೇ ನಾನು ಭಾವಿಸುತ್ತೇನೆ. ಗಿಲ್ರೆಯ ಗುರಿ ಕಾರ್ನ್‌ವಾಲಿಸ್. ಟಿಪ್ಪು ಅಲ್ಲಿ ಹೊಡೆಯುವ ಕೋಲು ಮಾತ್ರ. ಮೈಸೂರಿನ ರೈತ, ಸುಟ್ಟ ಹಳ್ಳಿ, ಸತ್ತ ಎತ್ತು ಯಾವುದೂ ಆ ನಗೆಯ ಲೆಕ್ಕಕ್ಕೆ ಸೇರುವುದಿಲ್ಲ.

ಮರುವರ್ಷ ಗಾಳಿ ತಿರುಗಿತು. 1792ರ ಫೆಬ್ರವರಿಯಲ್ಲಿ ಟಿಪ್ಪು ಸೋತು ಒಪ್ಪಂದಕ್ಕೆ ಮಣಿದಾಗ ಅವನ ಇಬ್ಬರು ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಒತ್ತೆಯಾಳುಗಳಾಗಿ ಬ್ರಿಟಿಷರ ಶಿಬಿರಕ್ಕೆ ಬಂದರು. ಸೈನ್ಯದ ಜೊತೆಗಿದ್ದ ರಾಬರ್ಟ್ ಹೋಮ್, ಲಂಡನ್ನಿನಲ್ಲಿದ್ದ ಮ್ಯಾಥರ್ ಬ್ರೌನ್ ಮೊದಲಾದವರು ಈ ಸಂದರ್ಭವನ್ನು ಚಿತ್ರಿಸಿದರು. ಇಂಥ ಚಿತ್ರಗಳು ಅಚ್ಚಾಗಿ ಮನೆಮನೆಯ ಗೋಡೆಗೇರಿದವು. ಕತ್ತೆಯ ಮೇಲಿದ್ದವನು ಈಗ ಅನ್ಯರ ಮಕ್ಕಳನ್ನು ತಂದೆಯಂತೆ ಬರಮಾಡಿಕೊಳ್ಳುವ ಕರುಣಾಳು. ಆ ಒಪ್ಪಂದ ಕಿತ್ತುಕೊಂಡ ಅರ್ಧ ರಾಜ್ಯವಾಗಲಿ, 3 ಕೋಟಿ 30 ಲಕ್ಷ ರೂಪಾಯಿಯಾಗಲಿ ಚೌಕಟ್ಟಿನೊಳಗೆ ಕಾಣುವುದಿಲ್ಲ. ಎರಡರಲ್ಲಿ ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಈ ಎರಡನೆಯ ಬಗೆಯೇ, ಏಕೆಂದರೆ ವ್ಯಂಗ್ಯಚಿತ್ರ ತಾನು ಉತ್ಪ್ರೇಕ್ಷೆಯೆಂದು ಗೆರೆಗೆರೆಯಲ್ಲೂ ಒಪ್ಪಿಕೊಳ್ಳುತ್ತದೆ, ಇದಾದರೋ ಕಣ್ಣಾರೆ ಕಂಡ ಸಾಕ್ಷಿಯ ವೇಷದಲ್ಲಿ ಬರುತ್ತದೆ. ಗಿಲ್ರೆಯೂ ಸ್ವತಂತ್ರನಾಗಿ ಉಳಿಯಲಿಲ್ಲ. 1797ರಿಂದ ಸರ್ಕಾರದ ಗುಪ್ತ ವೇತನ ಅವನ ಕೈಸೇರತೊಡಗಿತು.

ಟಿಪ್ಪುವಿಗೂ ಚಿತ್ರದ ಶಕ್ತಿ ತಿಳಿದಿತ್ತು. ಅವನ ಬೇಸಿಗೆ ಅರಮನೆ ದರಿಯಾ ದೌಲತ್ತಿನ ಪಶ್ಚಿಮ ಗೋಡೆಯಲ್ಲಿ ಮೈಸೂರು ಗೆದ್ದ 1780ರ ಪೊಲ್ಲಿಲೂರು ಕದನವಿದೆ, ಪಲ್ಲಕ್ಕಿಯಲ್ಲಿ ಕುಳಿತ ಬ್ರಿಟಿಷ್ ಸೇನಾನಿ ಕರ್ನಲ್ ಬೇಲಿ ಸೋಲಿನ ದಿಗ್ಭ್ರಮೆಯಲ್ಲಿ ಬೆರಳು ಕಚ್ಚುತ್ತಿದ್ದಾನೆ. ಅದನ್ನು ನೋಡಬೇಕಾದರೆ ಶ್ರೀರಂಗಪಟ್ಟಣಕ್ಕೇ ಹೋಗಬೇಕಿತ್ತು. ಗಿಲ್ರೆಯ ಹಾಳೆ ಮಡಿಸಿದರೆ ಜೇಬಿನಲ್ಲಿ ಹಿಡಿಸುತ್ತಿತ್ತು.