ಸಾಕಿದ ನಾಯಿ ಕಚ್ಚಿದರೆ ಹೊಣೆ ಯಾರದು?

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ನಾಯಿ ಸಾಕಿದವರು ದಯವಿಟ್ಟು ಕೈಯಲ್ಲಿರುವ ಕೆಲಸ ಬದಿಗಿಟ್ಟು ಕೇಳಿ. ನಿಮ್ಮ ನಾಯಿ ಯಾರನ್ನೋ ಕಚ್ಚಿತು ಅಂತಿಟ್ಟುಕೊಳ್ಳಿ. ಮೊದಲು ಬಾಯಿಗೆ ಬರುವ ಮಾತು, "ನಮ್ಮ ನಾಯಿ ಇದುವರೆಗೆ ಯಾರಿಗೂ ಏನೂ ಮಾಡಿಲ್ಲ." ಆಮೇಲೆ, "ನೀವೇ ಏನೋ ಕೆಣಕಿರಬೇಕು." ಅದೂ ಸಾಲದಿದ್ದರೆ, "ಗೇಟಿಗೆ ಬೋರ್ಡ್ ಹಾಕಿದ್ದೇವಲ್ಲ!" ಇವಿಷ್ಟನ್ನೇ ನಂಬಿಕೊಂಡು ಠಾಣೆಗೆ ಹೋಗಬೇಡಿ. ನಾಯಿ ಎಷ್ಟು ಒಳ್ಳೆಯದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅದು ಕಚ್ಚುವ ಮುಂಚೆ ನೀವು ಏನು ಮಾಡಿದ್ದಿರಿ? ಕೇಳುವುದು ಇದನ್ನೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಸರಳವಾಗಿದೆ. ನಿಮ್ಮ ವಶದಲ್ಲಿರುವ ಪ್ರಾಣಿಯಿಂದ ಯಾರದಾದರೂ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗುವ ಸಂಭವವಿದ್ದು, ಅದನ್ನು ತಪ್ಪಿಸಲು ಸಾಕಾಗುವಷ್ಟು ಎಚ್ಚರಿಕೆಯನ್ನು ನೀವು ವಹಿಸಲಿಲ್ಲ ಎಂದಾದರೆ 6 ತಿಂಗಳವರೆಗೆ ಜೈಲು, ಇಲ್ಲವೇ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ದಂಡ ಸಂಹಿತೆಯ 289ನೇ ಕಲಮಿನಲ್ಲಿ ದಂಡ 1000 ರೂಪಾಯಿ ಇತ್ತು. 'ವಶದಲ್ಲಿರುವ' ಎಂಬುದನ್ನು ಗಮನಿಸಿ. ನಾಯಿ ಅಣ್ಣನ ಹೆಸರಿನಲ್ಲಿರಬಹುದು. ಆ ಹೊತ್ತಿಗೆ ಪಟ್ಟಿ ತಮ್ಮನ ಕೈಯಲ್ಲಿದ್ದರೆ ತಮ್ಮನೂ ಉತ್ತರ ಹೇಳಬೇಕು.

ಇದೇನೂ ಹೊಸ ಕಾನೂನಲ್ಲ. ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಹೇಳಲೇಬೇಕು. ಸುಮಾರು 3750 ವರ್ಷಗಳ ಹಿಂದೆ ಬ್ಯಾಬಿಲೋನಿನಲ್ಲಿ ಹಮ್ಮುರಾಬಿ ಎಂಬ ದೊರೆ ಇದ್ದ. ಆಳೆತ್ತರಕ್ಕಿಂತ ಎತ್ತರದ ಕಪ್ಪು ಕಲ್ಲಿನ ಮೇಲೆ ತನ್ನ ಕಾನೂನುಗಳನ್ನು ಕೆತ್ತಿಸಿದ. ಆ ಕಲ್ಲು ಈಗ ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಹಾಯುವ ಎತ್ತಿನ ಬಗ್ಗೆ ಅಕ್ಕಪಕ್ಕದಲ್ಲೇ ಎರಡು ಕಟ್ಟಳೆಗಳಿವೆ. ಬೀದಿಯಲ್ಲಿ ಹೋಗುತ್ತಿದ್ದ ಎತ್ತು ಯಾರನ್ನೋ ಹಾಯ್ದು ಕೊಂದರೆ, ಒಡೆಯನ ಮೇಲೆ ದಾವೆ ಇಲ್ಲ. ಮುಂದಿನದನ್ನು ಕೇಳಿ. ಆ ಎತ್ತು ಹಾಯುವ ಎತ್ತೇ ಆಗಿದ್ದು, "ನಿನ್ನ ಎತ್ತು ಹಾಯುತ್ತದೆ ಕಣಯ್ಯ" ಎಂದು ಕೇರಿಯವರು ಒಡೆಯನಿಗೆ ತಿಳಿಸಿದ್ದು, ಅವನು ಅದರ ಕೊಂಬಿಗೂ ಏನೂ ಮಾಡದೆ, ಎತ್ತನ್ನೂ ಕಟ್ಟದೆ ಬಿಟ್ಟಿದ್ದರೆ, ಆಗ ಸತ್ತವನ ಮನೆಗೆ ಅರ್ಧ ಮಿನಾ, ಅಂದರೆ ಸುಮಾರು ಕಾಲು ಕಿಲೊ ತೂಕದ ಬೆಳ್ಳಿ ತೆರಬೇಕು. ಎತ್ತು ಅದೇ, ಸಾವೂ ಅದೇ. ಗೊತ್ತಿದ್ದೂ ಸುಮ್ಮನಿದ್ದದ್ದಕ್ಕೆ ಬೆಳ್ಳಿ! ಅಷ್ಟು ಹಿಂದಿನವರಿಗೆ ಹೊಳೆದ ಈ ನ್ಯಾಯ ನಮ್ಮ ಜನಕ್ಕೆ ಇನ್ನೂ ಯಾಕೆ ಹಿಡಿಸುತ್ತಿಲ್ಲವೋ ನನಗೆ ಅರ್ಥವಾಗುವುದಿಲ್ಲ.

ಈಗ ನಿಮ್ಮ ಗೇಟಿಗೆ ಬನ್ನಿ. 'ನಾಯಿ ಇದೆ ಎಚ್ಚರಿಕೆ' ಎಂಬ ಬೋರ್ಡ್ ನಿಮ್ಮನ್ನು ಕಾಪಾಡುತ್ತದೆ ಎಂದುಕೊಂಡಿದ್ದೀರಿ. ನಾಯಿಯಿಂದ ಅಪಾಯವಿದೆ ಎಂದು ನಿಮಗೆ ಗೊತ್ತಿತ್ತು ಎಂಬುದಕ್ಕೆ ಎದುರು ವಕೀಲರು ಅದೇ ಬೋರ್ಡನ್ನು ತೋರಿಸಬಹುದು. "ನಿಮ್ಮ ನಾಯಿ ಮಕ್ಕಳ ಮೇಲೆ ಎಗರುತ್ತಿದೆ" ಎಂದು ಪಕ್ಕದ ಮನೆಯವರು ಕಳಿಸಿದ ವಾಟ್ಸಾಪ್ ಸಂದೇಶವೂ ಅಷ್ಟೇ. ಹಾಗಾಗಿ ಬೋರ್ಡ್ ಆಮೇಲೆ, ಮೊದಲು ಚಿಲಕ ನೋಡಿ. ನಾಯಿ ಹಿಂಗಾಲ ಮೇಲೆ ನಿಂತರೆ ಮುಂಗಾಲು ಚಿಲಕಕ್ಕೆ ಎಟುಕುತ್ತದೆಯೇ? ಎಟುಕಿದರೆ ಹೊರಗಡೆಯಿಂದ ಇನ್ನೊಂದು ಕೊಂಡಿ ಹಾಕಿಸಿ. ಸರಳುಗಳ ನಡುವೆ ಮೂತಿ ಹೊರಗೆ ಬರುತ್ತದೆಯೇ? ಹಾಗಾದರೆ ಒಳಗಿನಿಂದ ಜಾಲರಿ ಬಡಿಸಿ. ಕಾಗದ ಕೊಡಲು ಬಂದವರು ಕೈ ಇಡುವುದು ಅಲ್ಲೇ. ಕೊರಳಪಟ್ಟಿಯ ಒಳಗೆ ಎರಡು ಬೆರಳು ಹಿಡಿಸುವಷ್ಟೇ ಜಾಗ ಇರಲಿ. ಅದಕ್ಕಿಂತ ಸಡಿಲವಾದರೆ, ನಾಯಿ ಹಿಂದಕ್ಕೆ ಜಗ್ಗಿದಾಗ ಪಟ್ಟಿ ತಲೆಯಿಂದ ಜಾರಿ ನಿಮ್ಮ ಕೈಯಲ್ಲೇ ಉಳಿಯುತ್ತದೆ. ದೊಡ್ಡ ನಾಯಿಯನ್ನು ಎಂಟು ವರ್ಷದ ಮಗುವಿನ ಕೈಗೆ ಕೊಟ್ಟು ಬೀದಿಗೆ ಕಳಿಸಬೇಡಿ. ಕಚ್ಚುವ ಚಾಳಿ ಇರುವ ನಾಯಿಗೆ ಹೊರಗೆ ಹೋಗುವಾಗ ಬಾಯಿಕುಕ್ಕೆ ಹಾಕಿ.

ಹಾಗೆಂದು ಹಗಲೂ ರಾತ್ರಿ ಸರಪಳಿಯಲ್ಲಿ ಕಟ್ಟಿಹಾಕುವುದು ಉಪಾಯವಲ್ಲ. ಸದಾ ಕಟ್ಟಿಟ್ಟ ನಾಯಿಯನ್ನು ಅಡ್ಡಾಡಿಸದೆ ಇರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಕಟ್ಟಿದ ನಾಯಿ ಇನ್ನಷ್ಟು ರೇಗುತ್ತದೆ ಎಂಬುದು ಬೇರೆ ಮಾತು.

ಹೊತ್ತು ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. ಗಾಯದಿಂದ ಮುಖದ ಮೇಲೆ ಅಳಿಯದ ಕಲೆ ಉಳಿದರೆ, ಮೂಳೆ ಮುರಿದರೆ, ಅದು ತೀವ್ರ ಗಾಯ. ನಿರ್ಲಕ್ಷ್ಯದಿಂದ ಹಾಗಾದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಲ್ಲಿ ಶಿಕ್ಷೆ 3 ವರ್ಷದವರೆಗೂ ಹೋಗಬಹುದು. ಬೇಕೆಂದೇ ಛೂ ಬಿಟ್ಟರೆ ಅದು ನಿರ್ಲಕ್ಷ್ಯವೇ ಅಲ್ಲ, ನೀವೇ ಮಾಡಿದ ಹಲ್ಲೆ. ಇನ್ನು ಪರಿಹಾರ. ಆಸ್ಪತ್ರೆ ಖರ್ಚು, ಕೆಲಸ ತಪ್ಪಿ ಹೋದ ಸಂಪಾದನೆ, ಪಟ್ಟ ನೋವು, ಇವಕ್ಕಾಗಿ ಸಿವಿಲ್ ದಾವೆ ಹೂಡಬಹುದು. ಕಚ್ಚಿಸಿಕೊಂಡವರು ಆಸ್ಪತ್ರೆಯ ಚೀಟಿ, ಬಿಲ್ಲು, ಗಾಯದ ಫೋಟೊ ಒಂದನ್ನೂ ಬಿಸಾಡಬೇಡಿ. ನಾಯಿಗೆ ಲಸಿಕೆ ಹಾಕಿಸುವುದು ಮಾಲೀಕರ ಹೊಣೆ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲೇ ಇದೆ. ಲಸಿಕೆಯ ಪುಸ್ತಕ ಕೈಗೆ ಸಿಗುವಂತಿರಲಿ. ಕಚ್ಚುವ ಮುಂಚೆ ಏನು ಮಾಡಿದ್ದಿರಿ ಎಂಬ ಪ್ರಶ್ನೆಗೆ ಅದು ಒಂದು ಉತ್ತರ.

ಕಚ್ಚಿದ ತಕ್ಷಣ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಖಾರದಪುಡಿ, ಸುಣ್ಣ ಏನೂ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಮಾಲೀಕರು ಮುಂದೆ ನಿಂತು ಕರೆದುಕೊಂಡು ಹೋಗಲಿ. ನಾಯಿಗೆ ಲಸಿಕೆ ಆಗಿದೆ ಎಂದು ಹೇಳಿ ಆಸ್ಪತ್ರೆಗೆ ಹೋಗುವುದನ್ನು ತಪ್ಪಿಸಬೇಡಿ.

ಹೆದರಿ ನಾಯಿಯನ್ನು ಬೇರೆ ಊರಿಗೆ ಸಾಗಿಸುವವರಿದ್ದಾರೆ. ಅದು ದೊಡ್ಡ ತಪ್ಪು. 10 ದಿನ ಅದನ್ನು ಮನೆಯಲ್ಲೇ ಇಟ್ಟುಕೊಂಡು, ರೇಬೀಸ್ ಅಂದರೆ ಹುಚ್ಚುನಾಯಿ ರೋಗದ ಲಕ್ಷಣ ಕಾಣುತ್ತದೆಯೇ ಎಂದು ಕಣ್ಣಿಟ್ಟಿರಿ. ಆ ಅವಧಿಯಲ್ಲಿ ನಾಯಿ ಊಟ ಬಿಟ್ಟರೆ, ಜೊಲ್ಲು ಸುರಿಸಿದರೆ, ಸತ್ತರೆ, ಆ ಕ್ಷಣವೇ ಪಶುವೈದ್ಯರಿಗೂ ಕಚ್ಚಿಸಿಕೊಂಡವರಿಗೂ ತಿಳಿಸಿ. ನಮಸ್ಕಾರ.