ಸುಳ್ಳು ಹೇಳದ ಪಿಸ್ತೂಲು

ಕೇಳುಗರಿಗೆ ನಮಸ್ಕಾರ.

ಕೊಡಗಿನ ಕೈಲ್‌ಪೊಳ್ದ್ ಹಬ್ಬ ನೋಡಿದವರಿಗೆ ಗೊತ್ತಿರುತ್ತದೆ. ಕೋವಿಯ ನಳಿಗೆಗೆ ತೋಕ್‌ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಎತ್ತರದ ಮರದಲ್ಲಿ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಪಂದ್ಯ. ಹುಡುಗನಾಗಿದ್ದಾಗ ವಿರಾಜಪೇಟೆ ಹತ್ತಿರ ನೆಂಟರ ಊರಲ್ಲಿ ಅದನ್ನು ನೋಡಿದ್ದೆ. ಈಡು ತಾಗಿತು, ಕಾಯಿ ಸೀಳಿತು, ಎಳನೀರು ಮರದ ಬುಡದವರೆಗೂ ಸುರಿಯಿತು. ಊರಿಗೆ ಊರೇ ಕೂಗಿತು. ಆ ಕೂಗು ಇವತ್ತಿಗೂ ಕಿವಿಯಲ್ಲಿದೆ.

ಈಗ ನಾನಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಊರಿನ ಹೊರಗೆ. ಇಲ್ಲಿ ತೆಂಗಿನಕಾಯಿ ಇಲ್ಲ, ಸೋಡಾ ಡಬ್ಬ ಇದೆ. ಖಾಲಿ ಡಬ್ಬವನ್ನು ಮಣ್ಣಿನ ದಿಬ್ಬದ ಮುಂದೆ ಇಟ್ಟು ಸಣ್ಣ ಪಿಸ್ತೂಲಿನಿಂದ ಹೊಡೆಯುವುದಕ್ಕೆ ಪ್ಲಿಂಕಿಂಗ್ ಅನ್ನುತ್ತಾರೆ. ಗುಂಡು ತಗಡಿಗೆ ತಾಗಿದಾಗ ಬರುವ ಸದ್ದೇ ಆ ಹೆಸರಾಗಿದೆ. ಇಲ್ಲಿ ನೆಲೆಸಿದ ಕನ್ನಡದ ಗೆಳೆಯರು ನನ್ನನ್ನು ಪದೇ ಪದೇ ಕೇಳುತ್ತಾರೆ: ಗುರಿ ಅಭ್ಯಾಸಕ್ಕೂ ಆಗಬೇಕು, ಭಾನುವಾರ ಸುಮ್ನೆ ಡಬ್ಬ ಹೊಡೆಯೋಕೂ ಆಗಬೇಕು, ಯಾವ ಪಿಸ್ತೂಲು ತಗೊಳ್ಳಲಿ? ಇವತ್ತು ಅದನ್ನೇ ಮಾತಾಡುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ನೀವು ಎಚ್-1ಬಿ, ಎಲ್-1, ಎಫ್-1 ತರಹದ ವೀಸಾದಲ್ಲಿ ಇಲ್ಲಿದ್ದೀರಾ? ಹಾಗಿದ್ದರೆ ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ ನೀವು ಬಂದೂಕನ್ನಾಗಲಿ, ತೋಟಾವನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಹಂಟಿಂಗ್ ಲೈಸೆನ್ಸ್ ಇರುವವರಿಗೆ ಒಂದು ವಿನಾಯಿತಿ ಇದೆ. ಇನ್ನೂ ಕೆಲವು ಸಣ್ಣ ವಿನಾಯಿತಿಗಳಿವೆ. ಅವು ನಿಮಗೆ ಅನ್ವಯಿಸುತ್ತವೋ ಇಲ್ಲವೋ ಅಂತ ವಕೀಲರನ್ನೇ ಕೇಳಿ, ಗೆಳೆಯರನ್ನಲ್ಲ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು, 4473 ಅನ್ನುವ ಫಾರಂ ತುಂಬಬೇಕು, ಹಿನ್ನೆಲೆಯ ತಪಾಸಣೆ ಆಗಬೇಕು. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಹಣ ಕೊಟ್ಟ ಮೇಲೂ 10 ದಿನ ಕಾಯಬೇಕು. ಒಂದು ತಪ್ಪು ಹೆಜ್ಜೆಗೆ ವೀಸಾನೇ ಹೋಗಬಹುದು. ಅದಕ್ಕೇ ಇದನ್ನು ಮೊದಲೇ ಹೇಳಿಬಿಟ್ಟೆ.

ಈಗ ತೋಟಾದ ವಿಷಯ. ಪಾಯಿಂಟ್ ಟೂ ಟೂ ಲಾಂಗ್ ರೈಫಲ್, ಇದೇ ಆ ಪುಟ್ಟ ತೋಟಾ. ಹುಟ್ಟಿದ್ದು 1887ರಲ್ಲಿ, ಸ್ಟೀವನ್ಸ್ ಅನ್ನುವ ಅಮೆರಿಕದ ಕಂಪನಿಯಲ್ಲಿ. ಒಂದನ್ನು ಅಂಗೈಯಲ್ಲಿಟ್ಟು ನೋಡಿ. ಕಿರುಬೆರಳಿನ ಕೊನೆಯ ಗೆಣ್ಣಿನಷ್ಟು ಉದ್ದ. ಮುಂದೆ ಸೀಸದ ಗುಂಡು, ಮಾಮೂಲಿಯಾಗಿ ಎರಡೂವರೆ ಗ್ರಾಂ ಚಿಲ್ಲರೆ ತೂಕ. ಹಿಂದೆ ತೆಳ್ಳಗಿನ ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಸುತ್ತಲೂ ಒಂದು ಅಂಚು. ಬೇರೆ ತೋಟಾಗಳಲ್ಲಿ ಕಿಡಿ ಹೊತ್ತಿಸುವ ಮದ್ದು ಬುಡದ ನಡುವೆ ಇರುತ್ತದೆ. ಇದರಲ್ಲಿ ಆ ಅಂಚಿನ ಮಡಿಕೆಯೊಳಗೆ ಇರುತ್ತದೆ. ಪಿಸ್ತೂಲಿನ ಪಿನ್ನು ಅಂಚನ್ನು ಜಜ್ಜಿದಾಗ ಮದ್ದು ಹೊತ್ತುತ್ತದೆ. ರಿಮ್‌ಫೈರ್ ಅನ್ನುವ ಹೆಸರು ಬಂದಿದ್ದೇ ಹಾಗೆ.

ಇದರ ಒಳ್ಳೇದು, ಕೆಟ್ಟದ್ದು ಎರಡೂ ಆ ಅಂಚಿನಲ್ಲೇ ಇದೆ. ಮಾಡುವುದು ಸುಲಭ, ಹಾಗಾಗಿ ಬೆಲೆ ಕಡಿಮೆ. ದಿನಕ್ಕೆ 100 ಈಡು ಬಿಟ್ಟರೂ ಜೇಬಿಗೆ ಅಷ್ಟೇನೂ ಭಾರ ಆಗುವುದಿಲ್ಲ. ಆದರೆ ಆ ಮಡಿಕೆಯೊಳಗೆ ಮದ್ದು ಸಮವಾಗಿ ಹರಡದೆ ಇದ್ದರೆ, ಪಿನ್ನು ಖಾಲಿ ಜಾಗಕ್ಕೆ ಬಿದ್ದರೆ, ತೋಟಾ ಹೊತ್ತುವುದೇ ಇಲ್ಲ. ಕ್ಲಿಕ್ ಅಂತ ಒಂದು ಸದ್ದು ಬರುತ್ತದೆ, ಅಷ್ಟೇ. ಆಗ ಗಾಬರಿಯಾಗಬೇಡಿ, ಪಿಸ್ತೂಲನ್ನು ತಿರುಗಿಸಿ ನೋಡಲೂ ಬೇಡಿ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡು ಕಾಯಿರಿ. ತಡವಾಗಿ ಹೊತ್ತುವ ತೋಟಾ ಅಪರೂಪ, ಆದರೆ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ.

ಲಂಡನ್ ಒಲಿಂಪಿಕ್ಸ್‌ನಲ್ಲಿ 2012ರಲ್ಲಿ ನಮ್ಮ ವಿಜಯ್ ಕುಮಾರ್ ಬೆಳ್ಳಿ ಗೆದ್ದಿದ್ದು 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ. ಅದರಲ್ಲಿ ಬಳಸುವುದೂ ಇದೇ ಪುಟ್ಟ ತೋಟಾ. ಡಬ್ಬ ಹೊಡೆಯುವವರದ್ದೂ ಅದೇ, ಪದಕ ಗೆಲ್ಲುವವರದ್ದೂ ಅದೇ.

ಇನ್ನು ಆಯ್ಕೆ. ನನ್ನ ಮೊದಲ ಪಿಸ್ತೂಲನ್ನು ನಾನು ಕಣ್ಣಿನಿಂದ ಕೊಂಡೆ. ಕಂಪನಿಯ ಹೆಸರು ಬೇಡ. ನೋಡಲು ಚೆಂದ, ಪೊಲೀಸರ ಪಿಸ್ತೂಲಿನ ಪುಟ್ಟ ತಮ್ಮನ ಹಾಗೆ. ಅರ್ಧ ಕಿಲೋ ತೂಕ, ಪ್ಲಾಸ್ಟಿಕ್ ಮೈ, ಗಿಡ್ಡ ನಳಿಗೆ. ಕುದುರೆ, ಅಂದರೆ ಬೆರಳಿನಿಂದ ಎಳೆಯುವ ಟ್ರಿಗರ್, ಎಳೆದರೆ ಎಳೆಯುತ್ತಲೇ ಇರಬೇಕು, ಎಲ್ಲಿ ಬಿಡುತ್ತದೆ ಅಂತ ಗೊತ್ತೇ ಆಗುತ್ತಿರಲಿಲ್ಲ. 6 ತಿಂಗಳು ಬೆವರು ಸುರಿಸಿದೆ. ಗುಂಡುಗಳು ಕಾಗದದ ತುಂಬ ಚೆಲ್ಲಾಪಿಲ್ಲಿ. ತಪ್ಪು ನನ್ನದೋ ಪಿಸ್ತೂಲಿನದೋ ಅಂತ ತಿಳಿಯುತ್ತಲೇ ಇರಲಿಲ್ಲ. ಕೊನೆಗೆ ರೇಂಜಿನಲ್ಲಿ, ಅಂದರೆ ಗುರಿ ಅಭ್ಯಾಸದ ಜಾಗದಲ್ಲಿ, ಒಬ್ಬ ಹಿರಿಯರು ತಮ್ಮ ಭಾರದ ಉಕ್ಕಿನ ಪಿಸ್ತೂಲನ್ನು ನನ್ನ ಕೈಗೆ ಕೊಟ್ಟರು. 5 ಈಡು ಬಿಟ್ಟೆ. ಐದೂ ಎಡಕ್ಕೆ, ಸ್ವಲ್ಪ ಕೆಳಗೆ, ಒಂದು ನಿಂಬೆಹಣ್ಣಿನಷ್ಟು ಜಾಗದಲ್ಲಿ. ಅವತ್ತು ನನ್ನ ತಪ್ಪು ನನಗೆ ಕಂಡಿತು. ನಾನು ಕುದುರೆ ಎಳೆಯುವಾಗ ಮಣಿಕಟ್ಟನ್ನು ಬಗ್ಗಿಸುತ್ತಿದ್ದೆ. ಒಂದು ಒಳ್ಳೆ ಪಿಸ್ತೂಲಿನಿಂದ ನನಗೆ ಬೇಕಾಗಿರುವುದು ಅದೇ. ಕೈ ಮಾಡಿದ್ದನ್ನು ಅದು ಇದ್ದ ಹಾಗೆ ಕಾಗದದ ಮೇಲೆ ಬರೆದು ತೋರಿಸಬೇಕು.

ಹಾಗಾಗಿ ಮೊದಲು ಕುದುರೆ ನೋಡಿ. ಹಗುರ ಇದ್ದರೆ ಸಾಕು ಅಂತ ಅಲ್ಲ. ಅಂತರರಾಷ್ಟ್ರೀಯ 25 ಮೀಟರ್ ಪಂದ್ಯದಲ್ಲೂ ಕುದುರೆ ಬಿಡಲು ಕನಿಷ್ಠ 1 ಕಿಲೋ ಭಾರದ ಎಳೆತ ಬೇಕೇ ಬೇಕು ಅನ್ನುವ ನಿಯಮವಿದೆ. ನೋಡಬೇಕಾದದ್ದು ಬೇರೆ. ಸ್ವಲ್ಪ ದೂರ ಸಡಿಲವಾಗಿ ಬಂದು, ಒಂದು ಕಡೆ ಗೋಡೆಗೆ ತಾಗಿದ ಹಾಗೆ ನಿಲ್ಲಬೇಕು. ಅಲ್ಲಿಂದ ಮೆಲ್ಲಗೆ ಒತ್ತಿದರೆ ಗಾಜಿನ ಕಡ್ಡಿ ಮುರಿದ ಹಾಗೆ ಬಿಡಬೇಕು. ಅಂಗಡಿಯವರ ಅನುಮತಿ ಕೇಳಿ, ಖಾಲಿ ಇದೆ ಅಂತ ನಿಮ್ಮ ಕಣ್ಣಾರೆ ನೋಡಿ, ಕ್ಷೇಮವಾದ ದಿಕ್ಕಿಗೆ ಹಿಡಿದು ಎಳೆದು ನೋಡಿ. ರಿಮ್‌ಫೈರ್ ಪಿಸ್ತೂಲನ್ನು ಖಾಲಿಯಾಗಿ ಪದೇ ಪದೇ ಹೊಡೆದರೆ ಕೆಲವು ಮಾದರಿಗಳಲ್ಲಿ ಪಿನ್ನು ನಳಿಗೆಯ ಅಂಚಿಗೆ ಬಡಿದು ಅಲ್ಲಿ ಕಚ್ಚು ಮಾಡುತ್ತದೆ. ಮನೆಯಲ್ಲಿ ಅಭ್ಯಾಸ ಮಾಡುವವರು ಗೋಡೆಗೆ ಸ್ಕ್ರೂ ಹಾಕುವಾಗ ಬಳಸುವ ಹಳದಿ ಪ್ಲಾಸ್ಟಿಕ್ ಪ್ಲಗ್ಗನ್ನು ತೋಟಾದ ಜಾಗದಲ್ಲಿ ಇಡುತ್ತಾರೆ. ಅಳತೆ ಸರಿಯಾಗಿ ಕೂರುತ್ತದೆ. 100 ಪ್ಲಗ್ಗಿನ ಒಂದು ಪೊಟ್ಟಣ ವರ್ಷಗಟ್ಟಲೆ ಬರುತ್ತದೆ.

ಆಮೇಲೆ ಸೈಟು, ಅಂದರೆ ಗುರಿ ನೋಡುವ ಹಲ್ಲುಗಳು. ಹಿಂದಿನದಕ್ಕೂ ಮುಂದಿನದಕ್ಕೂ ನಡುವೆ 20 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಮುಂದಿನ ಹಲ್ಲು 1 ಮಿಲಿಮೀಟರ್ ಆಚೀಚೆ ಆದರೆ 25 ಮೀಟರ್ ದೂರದಲ್ಲಿ ಗುಂಡು ಹನ್ನೆರಡೂವರೆ ಸೆಂಟಿಮೀಟರ್ ತಪ್ಪುತ್ತದೆ. ಆ ಅಂತರ 10 ಸೆಂಟಿಮೀಟರ್ ಮಾತ್ರ ಇದ್ದರೆ? ಅದೇ 1 ಮಿಲಿಮೀಟರಿಗೆ 25 ಸೆಂಟಿಮೀಟರ್ ತಪ್ಪು. 25 ಮೀಟರ್ ನಿಖರತೆಯ ಪಂದ್ಯದ ಕಾಗದದಲ್ಲಿ ನಡುವಿನ ಹತ್ತರ ವೃತ್ತ ಬರೀ 5 ಸೆಂಟಿಮೀಟರ್ ಅಗಲ. ಗಿಡ್ಡ ಪಿಸ್ತೂಲಿನಲ್ಲಿ ಕಲಿಯುವುದು ಯಾಕೆ ಕಷ್ಟ ಅಂತ ಈಗ ಗೊತ್ತಾಯಿತು ಅಲ್ವಾ? ಐದೂವರೆ ಇಂಚಿನ ದಪ್ಪ ನಳಿಗೆ, ತಿರುಪು ತಿರುಗಿಸಿ ಹೊಂದಿಸಬಹುದಾದ ಹಿಂದಿನ ಸೈಟು, ಒಟ್ಟು 1 ಕಿಲೋ ಆಸುಪಾಸಿನ ತೂಕ. ಹೊಸಬರಿಗೆ ನಾನು ಹೇಳುವುದು ಇದನ್ನೇ. 50 ದಾಟಿ ಮುಂದಿನ ಹಲ್ಲು ಮಂಜಾಗಿ ಕಾಣುವವರು ರೆಡ್ ಡಾಟ್, ಅಂದರೆ ಕೆಂಪು ಚುಕ್ಕಿ ತೋರಿಸುವ ಗಾಜಿನ ಸೈಟು, ಹಾಕಲು ಜಾಗ ಇರುವ ಮಾದರಿ ನೋಡಿ.

ಹೆಸರು ಹೇಳಿ ಅಂತ ಎಲ್ಲರೂ ಕೇಳುತ್ತಾರೆ. ರೂಗರ್ ಕಂಪನಿ ಶುರುವಾಗಿದ್ದೇ ಇಂಥ ಪಿಸ್ತೂಲಿನಿಂದ, 1949ರಲ್ಲಿ. ಆಗ ಬೆಲೆ 37 ಡಾಲರ್ 50 ಸೆಂಟ್. ಅದರ ಈಗಿನ ಮೊಮ್ಮಗ ಮಾರ್ಕ್ ಫೋರ್, 2016ರಲ್ಲಿ ಬಂತು. ಹಿಂದಿನ ಮಾರ್ಕ್‌ಗಳನ್ನು ಬಿಚ್ಚಿ ಒರೆಸಿ ಮತ್ತೆ ಜೋಡಿಸುವುದು ದೊಡ್ಡ ಕಷ್ಟ. ಎಷ್ಟೋ ಜನ ಆ ಭಯಕ್ಕೇ ಒರೆಸುತ್ತಿರಲಿಲ್ಲ. ಮಾರ್ಕ್ ಫೋರ್‌ನಲ್ಲಿ ಹಿಂದೆ ಒಂದು ಗುಂಡಿ ಒತ್ತಿದರೆ ಮೇಲಿನ ಭಾಗ ತೆರೆದುಕೊಳ್ಳುತ್ತದೆ. ಇದು ಸಣ್ಣ ವಿಷಯವಲ್ಲ. ಈ ತೋಟಾ ಮೇಣ ಮತ್ತು ಮಸಿ ತುಂಬ ಉಗುಳುತ್ತದೆ, ಒರೆಸದಿದ್ದರೆ ಪಿಸ್ತೂಲು ಸಿಕ್ಕಿಕೊಳ್ಳುತ್ತದೆ. ಒಂದು ಎಚ್ಚರಿಕೆ ಇದೆ. 2017ರ ಜೂನ್ 1ಕ್ಕಿಂತ ಮುಂಚೆ ತಯಾರಾದ ಮಾರ್ಕ್ ಫೋರ್‌ಗಳನ್ನು ಸುರಕ್ಷತೆಯ ಕಾರಣಕ್ಕೆ ಕಂಪನಿಯೇ ವಾಪಸ್ ಕರೆದಿತ್ತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನಂಬರ್ ನೋಡಿ, ರಿಪೇರಿ ಆಗಿದೆಯಾ ಅಂತ ಖಚಿತ ಮಾಡಿಕೊಳ್ಳಿ.

ಬ್ರೌನಿಂಗ್‌ನ ಬಕ್ ಮಾರ್ಕ್ 1985ರದ್ದು. ನನ್ನ ಕೈಗೆ ಅದರ ಕುದುರೆಯೇ ಹೆಚ್ಚು ಇಷ್ಟ. ಬಿಚ್ಚಲು ಮಾತ್ರ ತಿರುಪು ತೆಗೆಯಬೇಕು. ಸ್ಮಿತ್ ಆಂಡ್ ವೆಸನ್‌ನ ವಿಕ್ಟರಿ ಒಂದೇ ತಿರುಪಿಗೆ ಬಿಚ್ಚಿಕೊಳ್ಳುತ್ತದೆ, ನಳಿಗೆ ಬದಲಿಸಬಹುದು. ಅದೇ ಕಂಪನಿಯ ಮಾಡೆಲ್ 41 ಐವತ್ತರ ದಶಕದಿಂದ ಇಲ್ಲಿನ ಬುಲ್ಸ್‌ಐ ಪಂದ್ಯದವರ ಅಚ್ಚುಮೆಚ್ಚು, ಬೆಲೆ ಮಾತ್ರ ತುಂಬ ಜಾಸ್ತಿ. ಇಟಲಿಯ ಪಾರ್ಡಿನಿ ತರಹದ ಒಲಿಂಪಿಕ್ ಪಿಸ್ತೂಲು ಮೊದಲ ವರ್ಷಕ್ಕೆ ಬೇಡ. ಈ ಮೂರು ನಾಲ್ಕರಲ್ಲಿ ಯಾವುದು ಅನ್ನುವುದನ್ನು ನಿಮ್ಮ ಕೈಗೇ ಬಿಡಿ. ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಕುದುರೆಯ ಮೇಲೆ ತಾನಾಗಿ ಕೂರಬೇಕು. ಕಣ್ಣು ಮುಚ್ಚಿ ಕೈ ಎತ್ತಿ, ಕಣ್ಣು ತೆರೆಯಿರಿ. ಸೈಟುಗಳು ಹೆಚ್ಚು ಕಡಿಮೆ ಒಂದೇ ಗೆರೆಗೆ ಬಂದಿದ್ದರೆ ಆ ಹಿಡಿ ನಿಮ್ಮದು. ಬಾಡಿಗೆಗೆ ಕೊಡುವ ರೇಂಜ್ ಇದ್ದರೆ ಅಲ್ಲಿ ಹೊಡೆದೇ ತೀರ್ಮಾನಿಸಿ.

ಬುಲ್ಸ್‌ಐ ಅಂದೆನಲ್ಲ, ಅದರ ಬಗ್ಗೆ ಎರಡು ಮಾತು. ಒಂದೇ ಕೈಯಲ್ಲಿ ಹಿಡಿದು ಹೊಡೆಯುವ ಪಂದ್ಯ ಅದು. 50 ಗಜಕ್ಕೆ ನಿಧಾನವಾಗಿ 10 ನಿಮಿಷದಲ್ಲಿ 10 ಈಡು. 25 ಗಜಕ್ಕೆ 20 ಸೆಕೆಂಡಿನಲ್ಲಿ 5, ಆಮೇಲೆ 10 ಸೆಕೆಂಡಿನಲ್ಲಿ 5. ಇಂಥ ಸುತ್ತುಗಳು ಹಲವು ಸೇರಿ ಒಟ್ಟು 90 ಈಡು, 900 ಅಂಕ. ಹೊಸಬರನ್ನು ಅಲ್ಲಿ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸುತ್ತಾರೆ. ಒಮ್ಮೆ ಹೋಗಿ ನೋಡಿ.

ಡಬ್ಬ ಹೊಡೆಯುವವರಿಗೆ ನನ್ನ ಮಾತು ಸ್ವಲ್ಪ ಗಟ್ಟಿ. ಪುಟ್ಟ ತೋಟಾ ಅಂತ ಯಾರೂ ಹಗುರವಾಗಿ ತಗೋಬೇಡಿ. ಒಂದೂವರೆ ಮೈಲಿ, ಅಂದರೆ ಸುಮಾರು 2.4 ಕಿಲೋಮೀಟರ್ ದೂರದವರೆಗೂ ಅಪಾಯ ಅಂತ ತೋಟಾದ ಡಬ್ಬಿಯ ಮೇಲೇ ಬರೆದಿರುತ್ತಾರೆ. ಸೀಸದ ಗುಂಡು ಕಲ್ಲಿಗೆ ತಾಗಿದರೆ ಪುಟಿಯುತ್ತದೆ, ನೀರಿಗೆ ತಾಗಿದರೂ ಪುಟಿಯುತ್ತದೆ. 1999ರ ಜೂನ್‌ನಲ್ಲಿ ಇದೇ ಫೀನಿಕ್ಸ್‌ನಲ್ಲಿ ಯಾರೋ ಹಾರಿಸಿದ ಗುಂಡು ಬಂದು ಬಿದ್ದು ಶಾನನ್ ಸ್ಮಿತ್ ಅನ್ನುವ 14 ವರ್ಷದ ಹುಡುಗಿ ಸತ್ತಳು. ಅವಳು ತನ್ನ ಮನೆಯ ಹಿತ್ತಲಲ್ಲಿದ್ದಳು. ಮರುವರ್ಷ ಅವಳ ಹೆಸರಿನಲ್ಲೇ ಅರಿಜೋನಾದಲ್ಲಿ ಕಾನೂನು ಬಂತು, ಊರೊಳಗೆ ಅಜಾಗರೂಕತೆಯಿಂದ ಗುಂಡು ಹಾರಿಸುವುದು ಘೋರ ಅಪರಾಧವಾಯಿತು. ನಮ್ಮೂರಿನ ತೆಂಗಿನಕಾಯಿ ಪಂದ್ಯದ ಹಾಗೆ ಇಲ್ಲಿ ಯಾವುದನ್ನೂ ಎತ್ತರಕ್ಕೆ ಕಟ್ಟಬೇಡಿ. ಗುರಿಯ ಹಿಂದೆ ಆಳೆತ್ತರದ ಮಣ್ಣಿನ ದಿಬ್ಬ ಇರಲೇಬೇಕು. ಬಾಟಲಿ ಬೇಡ, ಮರುಭೂಮಿಯಲ್ಲಿ ಗಾಜು ಬಿಟ್ಟು ಬರಬಾರದು. ಸಗ್ವಾರೊ ಕಳ್ಳಿಗೆ ಗುಂಡು ಹೊಡೆಯುವುದು ಅಪರಾಧ. ಇದೆಲ್ಲ ತಲೆನೋವು ಅನ್ನಿಸಿದರೆ ಬೆನ್ ಏವರಿ ಅನ್ನುವ ದೊಡ್ಡ ಸಾರ್ವಜನಿಕ ರೇಂಜ್ ಇದೆ, ಅಲ್ಲಿಗೇ ಹೋಗಿ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷೆ ಕಡ್ಡಾಯ. ಸದ್ದು ಸಣ್ಣದು ಅನ್ನಿಸುತ್ತದೆ, ಆದರೆ ಪಿಸ್ತೂಲಿನಲ್ಲಿ ಅದು 140 ಡೆಸಿಬೆಲ್ ದಾಟುತ್ತದೆ. ಮನೆಗೆ ಬಂದ ಕೂಡಲೇ ತಣ್ಣೀರಲ್ಲಿ ಸೋಪು ಹಾಕಿ ಕೈ ತೊಳೆಯಿರಿ, ಬೆರಳಿನಲ್ಲಿ ಸೀಸ ಇರುತ್ತದೆ. ಪಿಸ್ತೂಲು ಬೀಗದೊಳಗೆ, ತೋಟಾ ಬೇರೆ ಬೀಗದೊಳಗೆ. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ರಿಯಾಯಿತಿ ಇಲ್ಲ.

ಕೊನೆಯದಾಗಿ, ಪಿಸ್ತೂಲು ತಂದ ಮೇಲೆ ಮಾಡುವ ಕೆಲಸ. ಪ್ರತಿ ರಿಮ್‌ಫೈರ್ ನಳಿಗೆಗೂ ತನ್ನದೇ ಆದ ರುಚಿ ಇರುತ್ತದೆ. ಒಂದೇ ಮಾದರಿಯ ಎರಡು ಪಿಸ್ತೂಲಿಗೆ ಬೇರೆ ಬೇರೆ ತೋಟಾ ಒಗ್ಗುತ್ತದೆ. ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾ ಸದ್ದಿನ ವೇಗಕ್ಕಿಂತ ಸ್ವಲ್ಪ ನಿಧಾನ, ಗುರಿಗೆ ಒಳ್ಳೇದು. ಕೆಲವು ಹಗುರ ಪಿಸ್ತೂಲುಗಳು ಮಾತ್ರ ಹೈ ವೆಲಾಸಿಟಿ, ಅಂದರೆ ಹೆಚ್ಚು ವೇಗದ ತೋಟಾ ಇಲ್ಲದಿದ್ದರೆ ಖಾಲಿ ಕೊಳವೆ ಎಸೆದು ಮುಂದಿನ ತೋಟಾ ತಾವಾಗಿ ತುಂಬಿಕೊಳ್ಳುವುದಿಲ್ಲ. ಆಗ ಖಾಲಿ ಕೊಳವೆ ಹೊರಗೆ ಬೀಳದೆ ಒಲೆಯ ಚಿಮಣಿಯ ಹಾಗೆ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ. ಐದಾರು ತರಹದ ತೋಟಾ ಒಂದೊಂದು ಡಬ್ಬಿ ತನ್ನಿ. ಒಂದು ಡಬ್ಬಿಯಲ್ಲಿ 50 ಇರುತ್ತವೆ. ಮರಳಿನ ಚೀಲದ ಮೇಲೆ ಕೈ ಊರಿ, ಒಂದೊಂದು ತರಹಕ್ಕೆ ಒಂದೊಂದು ಹೊಸ ಕಾಗದ ಹಾಕಿ, ಹತ್ತತ್ತು ಈಡು ಬಿಡಿ. ಕಾಗದದ ಮೂಲೆಯಲ್ಲಿ ತೋಟಾದ ಹೆಸರು, ತಾರೀಖು ಬರೆಯಿರಿ. ನನ್ನ ಬಕ್ ಮಾರ್ಕ್‌ಗೆ ಒಗ್ಗಿದ್ದು ನಾಲ್ಕನೇ ಡಬ್ಬಿ, ಅದೂ ದುಬಾರಿಯದಲ್ಲ. ಆ ಕಾಗದದಲ್ಲಿ 10 ತೂತುಗಳನ್ನೂ ಒಂದು ರೂಪಾಯಿ ನಾಣ್ಯ ಇಟ್ಟು ಮುಚ್ಚಬಹುದು. ಪಿಸ್ತೂಲಿನ ಪೆಟ್ಟಿಗೆಯ ಮುಚ್ಚಳದ ಒಳಗಡೆ ಅದನ್ನು ಅಂಟಿಸಿಟ್ಟಿದ್ದೇನೆ.

ನಮಸ್ಕಾರ.